ಬಾಣ ತಿರುಗಿದರೆ ರಾಗ ಬೇರೆ

ಸ್ವರಗಳನ್ನು ಊರುಗಳೆಂದೂ ಅವುಗಳ ನಡುವಣ ಸಂಚಾರವನ್ನು ಹಾದಿಗಳೆಂದೂ ಎಣಿಸಿದರೆ, ಗಣಿತವು ಸಂಗೀತದ ಬಗೆಗೆ ಏನನ್ನು ಹೇಳಬಲ್ಲದು?

ಬೆಳಗಿನ ಹೊತ್ತು. ನಡುಮನೆಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಶ್ರುತಿಪೆಟ್ಟಿಗೆಯ ಮುಂದೆ ಕುಳಿತು ಬಿಲಹರಿ ರಾಗವನ್ನು ಸಾಧನೆ ಮಾಡುತ್ತಿದ್ದಾಳೆ. ಸರಳೆ, ಜಂಟಿ, ಅಲಂಕಾರಗಳು ಮುಗಿದು ಸ್ವರಜತಿಯ ಪಾಠ ಆರಂಭವಾಗಿದೆ. ಮೇಲಕ್ಕೆ ಹತ್ತುವ ಉತ್ಸಾಹದಲ್ಲಿ ಅವಳು ಗಾಂಧಾರದಿಂದ ಮಧ್ಯಮಕ್ಕೆ ಕಾಲಿಟ್ಟು ಪಂಚಮವನ್ನು ಸೇರುತ್ತಾಳೆ. ಕೂಡಲೇ ಅಡಿಗೆಮನೆಯಿಂದ ಅಜ್ಜಿಯ ಧ್ವನಿ ಕೇಳಿಬರುತ್ತದೆ: "ಹತ್ತುವಾಗ ಮಧ್ಯಮ ಮುಟ್ಟಬೇಡ ಮಗು, ಇಳಿಯುವಾಗ ಮುಟ್ಟು."

ಹುಡುಗಿಗೆ ಗೊಂದಲ. ಮಧ್ಯಮ ಈ ರಾಗದಲ್ಲಿ ಉಂಟೋ ಇಲ್ಲವೋ? ಉಂಟಾದರೆ ಹತ್ತುವಾಗ ಅದೇಕೆ ಕೂಡದು? ಇಲ್ಲವಾದರೆ ಇಳಿಯುವಾಗ ಎಲ್ಲಿಂದ ಬಂತು?

ಸಂಗೀತ ಕಲಿಯುವ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದಲ್ಲ ಒಂದು ದಿನ ಏಳುವ ಪ್ರಶ್ನೆಯಿದು. "ಸಂಪ್ರದಾಯ ಹಾಗಿದೆ" ಎಂಬ ಉತ್ತರದಿಂದ ಮಗು ಸುಮ್ಮನಾಗಬಹುದು, ಸಮಾಧಾನಗೊಳ್ಳಲಾರದು. ಈ ಪ್ರಶ್ನೆಗೆ ಸ್ಪಷ್ಟವಾದೊಂದು ಉತ್ತರವನ್ನು ಕೊಡಬಲ್ಲ ಶಾಸ್ತ್ರ ಇನ್ನೊಂದು ದಿಕ್ಕಿನಲ್ಲಿದೆ. ಅದು ಗಣಿತಶಾಸ್ತ್ರ. ರಾಗವೆಂದರೆ ಸ್ವರಗಳ ಪಟ್ಟಿಯಲ್ಲ, ಸ್ವರಗಳ ನಡುವಣ ಹಾದಿಗಳ ನಕ್ಷೆ ಎಂಬುದನ್ನು ಅದು ಒಂದು ಕಾಗದದ ಹಾಳೆಯ ಮೇಲೆ ತೋರಿಸಿಕೊಡುತ್ತದೆ.

ಏಳು ಸೇತುವೆಗಳ ಊರು

ಈ ಕಥೆಯ ಆರಂಭ ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರದಲ್ಲಿ. ಇಂದು ಅದು ರಷ್ಯಕ್ಕೆ ಸೇರಿ ಕಲಿನಿನ್‌ಗ್ರಾದ್ ಎನಿಸಿಕೊಂಡಿದೆ. ಪ್ರೆಗೆಲ್ ನದಿ ಆ ನಗರವನ್ನು ನಾಲ್ಕು ಭೂಭಾಗಗಳಾಗಿ ಸೀಳಿತ್ತು. ಅವುಗಳನ್ನು ಕೂಡಿಸಲು ಏಳು ಸೇತುವೆಗಳಿದ್ದವು. ಯಾವ ಸೇತುವೆಯನ್ನೂ ಎರಡು ಸಲ ತುಳಿಯದೆ ಏಳನ್ನೂ ದಾಟಿ ಬರಲು ಸಾಧ್ಯವೇ ಎಂಬುದು ಅಲ್ಲಿನವರ ವಿನೋದದ ಒಗಟು.

೧೭೩೫ರಲ್ಲಿ ಲಿಯೊನಾರ್ಡ್ ಆಯ್ಲರ್ ಎಂಬ ಮಹಾಗಣಿತಜ್ಞ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿ ಇದಕ್ಕೆ ಉತ್ತರವನ್ನಿತ್ತ. ಅದು ಸಾಧ್ಯವಿಲ್ಲ ಎಂಬುದೇ ಆ ಉತ್ತರ. ಆದರೆ ಉತ್ತರಕ್ಕಿಂತ ಅವನು ಹಿಡಿದ ದಾರಿ ದೊಡ್ಡದು. ನದಿಯ ಅಗಲ, ಸೇತುವೆಯ ಉದ್ದ, ಬೀದಿಗಳ ತಿರುವು ಎಲ್ಲವನ್ನೂ ಅವನು ಬದಿಗೆ ಸರಿಸಿದ. ಯಾವುದು ಯಾವುದಕ್ಕೆ ಕೂಡಿದೆ ಎಂಬುದೊಂದನ್ನೇ ಉಳಿಸಿಕೊಂಡ. ಇಂದಿನ ರೀತಿಯಲ್ಲಿ ಹೇಳುವುದಾದರೆ, ಭೂಭಾಗಗಳು ನಾಲ್ಕು ಬಿಂದುಗಳಾಗುತ್ತವೆ, ಸೇತುವೆಗಳು ಏಳು ಗೆರೆಗಳಾಗುತ್ತವೆ. ಬಿಂದು ಮತ್ತು ಗೆರೆಗಳ ಇಂಥ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎಂದು ಹೆಸರು. ಅದರ ಶಾಸ್ತ್ರವೇ ಗ್ರಾಫ್ ಸಿದ್ಧಾಂತ. ಇದೇ ಆಯ್ಲರ್ ೧೭೩೯ರಲ್ಲಿ ಸಂಗೀತದ ಗಣಿತವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನೆಂಬುದು ಇಲ್ಲಿ ನೆನೆಯತಕ್ಕ ಮಾತು.

ಲೆಕ್ಕದ ಕಣ್ಣಿನಿಂದ ಸ್ವರವನ್ನು ನೋಡುವುದು ನಮ್ಮವರಿಗೂ ಹೊಸದಲ್ಲ. ಏಳು ಸ್ವರಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದೆಂಬುದನ್ನು ಹದಿಮೂರನೆಯ ಶತಮಾನದ ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ಎಣಿಸಿದ್ದಾನೆ, ಅದು ೫,೦೪೦. ಹದಿನೇಳನೆಯ ಶತಮಾನದ ವೆಂಕಟಮಖಿ ೭೨ ಮೇಳಗಳ ಚೌಕಟ್ಟನ್ನು ಕಟ್ಟಿದ್ದೂ ಎಣಿಕೆಯ ಬಲದಿಂದಲೇ. ಎಣಿಸಿದ ಮಾತ್ರಕ್ಕೆ ಸಂಗೀತ ಬತ್ತಿಹೋಗುವುದಿಲ್ಲವೆಂಬುದಕ್ಕೆ ಇವರೇ ಸಾಕ್ಷಿ.

ಬಿಲಹರಿಯ ಭೂಪಟ

ಈಗ ಓದುಗರು ಒಂದು ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಳ್ಳಲಿ. ಸ, ರಿ, ಗ, ಮ, ಪ, ದ, ನಿ ಮತ್ತು ಮೇಲಿನ ಷಡ್ಜ ಇವುಗಳಿಗಾಗಿ ಎಂಟು ಬಿಂದುಗಳನ್ನಿಡಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ನೇರವಾಗಿ ಹೋಗಲು ರಾಗ ಒಪ್ಪುವುದಾದರೆ ಅಲ್ಲಿಂದ ಇಲ್ಲಿಗೆ ಒಂದು ಬಾಣವನ್ನೆಳೆಯಬೇಕು. ಸದ್ಯಕ್ಕೆ ಆರೋಹಣ, ಅವರೋಹಣಗಳಷ್ಟನ್ನೇ ಲೆಕ್ಕಕ್ಕೆ ಹಿಡಿಯೋಣ.

ಮಗು ಕಲಿಯುವ ಮೊದಲ ಪಾಠಗಳೇ ಈ ಚಿತ್ರದಲ್ಲಿ ಹೊಸ ಅರ್ಥ ಪಡೆಯುತ್ತವೆ. ಸರಳೆವರಸೆಯ ಮೊದಲ ಸಾಲು ನೆಟ್ಟನೆಯ ಹಾದಿ. ಊರಿನಿಂದ ಪಕ್ಕದ ಊರಿಗೆ ಹೋಗಿ ಅದೇ ಹಾದಿಯಲ್ಲಿ ಮರಳುವುದು. ಜಂಟಿವರಸೆಯಲ್ಲಿ ಪ್ರತಿಯೊಂದು ಸ್ವರವೂ ಎರಡೆರಡು ಸಲ ಬರುವುದರಿಂದ ಬಿಂದುವಿನಿಂದ ಹೊರಟ ಬಾಣ ಬಳೆಯಂತೆ ಸುತ್ತಿ ಅದೇ ಬಿಂದುವಿಗೆ ಬಂದು ಸೇರುತ್ತದೆ. ದಾಟುವರಸೆಯಲ್ಲಿ ನಡುವಣ ಊರನ್ನು ಬಿಟ್ಟು ನೆಗೆಯುವ ಬಾಣಗಳು ಕಾಣಿಸಿಕೊಳ್ಳುತ್ತವೆ.

ಮೋಹನ ರಾಗವನ್ನು ಹೀಗೆ ಬರೆದರೆ ಆರು ಬಿಂದುಗಳೂ ಐದು ಹಾದಿಗಳೂ ದೊರೆಯುತ್ತವೆ. ಐದೂ ಇಬ್ಬದಿಯ ಹಾದಿಗಳು; ಹೋದಂತೆಯೇ ಬರಬಹುದು. ಬಿಲಹರಿ ಹಾಗಲ್ಲ. ಅದು ಹತ್ತುವಾಗ ಸ ರಿ ಗ ಪ ದ ಸ ಎಂದು ಮೋಹನದಂತೆಯೇ ಹತ್ತುತ್ತದೆ. ಇಳಿಯುವಾಗ ಸ ನಿ ದ ಪ ಮ ಗ ರಿ ಸ ಎಂದು ಶಂಕರಾಭರಣದಂತೆ ಇಳಿಯುತ್ತದೆ. ಹತ್ತಲು ಐದು ಬಾಣ, ಇಳಿಯಲು ಏಳು, ಒಟ್ಟು ಹನ್ನೆರಡು. ಸ-ರಿ, ರಿ-ಗ, ಪ-ದ ಇವು ಮೂರೇ ಇಬ್ಬದಿಯ ಹಾದಿಗಳು. ಉಳಿದ ಆರು ಬಾಣಗಳೂ ಒಂದೇ ದಿಕ್ಕಿನವು.

ಈಗ ಅಜ್ಜಿಯ ಮಾತಿಗೆ ಅರ್ಥ ಸಿಕ್ಕಿತು. ಮಧ್ಯಮವೆಂಬ ಊರು ಬಿಲಹರಿಯಲ್ಲಿ ಉಂಟು. ಆದರೆ ಅದಕ್ಕೆ ಬರುವ ಹಾದಿ ಪಂಚಮದಿಂದ ಮಾತ್ರ. ಅಲ್ಲಿಂದ ಹೋಗುವ ಹಾದಿ ಗಾಂಧಾರಕ್ಕೆ ಮಾತ್ರ. ಗಾಂಧಾರದಲ್ಲಿ ನಿಂತವಳಿಗೆ ಮಧ್ಯಮ ಪಕ್ಕದ ಮನೆಯಾದರೂ ನಡುವೆ ಬಾಗಿಲಿಲ್ಲ. ಪಂಚಮದ ಬೀದಿಯನ್ನು ಬಳಸಿಕೊಂಡೇ ಅಲ್ಲಿಗೆ ಬರಬೇಕು.

ಇನ್ನೊಂದು ಸೊಗಸನ್ನೂ ಗಮನಿಸಬಹುದು. ಆರೋಹಣ, ಅವರೋಹಣಗಳನ್ನು ಒಮ್ಮೆ ಹಾಡಿದರೆ ಹನ್ನೆರಡು ಹಾದಿಗಳನ್ನೂ ಒಂದೊಂದೇ ಸಲ ತುಳಿದು ಹೊರಟಲ್ಲಿಗೇ ಮರಳಿದಂತಾಯಿತು. ಕೋನಿಗ್ಸ್‌ಬರ್ಗಿನ ಪ್ರಜೆಗಳಿಂದ ಆಗದಿದ್ದ ಕೆಲಸವನ್ನು ನಡುಮನೆಯ ಹುಡುಗಿ ಪ್ರತಿ ಬೆಳಗ್ಗೆ ನಿರಾಯಾಸವಾಗಿ ಮಾಡುತ್ತಿದ್ದಾಳೆ!

ಚೌಕಳಿಯಲ್ಲಿ ಅಡಗಿದ ರಾಗ

ಚಿತ್ರ ಕಣ್ಣಿಗೆ ಹಿತ. ಲೆಕ್ಕಕ್ಕೆ ಅಂಕಿ ಬೇಕು. ಅದಕ್ಕಾಗಿ ಚದುರಂಗದ ಹಾಸಿನಂತೆ ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು, ಒಟ್ಟು ೬೪ ಮನೆಗಳ ಚೌಕಳಿಯೊಂದನ್ನು ಬರೆಯಬೇಕು. ಅಡ್ಡಸಾಲು ಹೊರಡುವ ಸ್ವರದ್ದು, ಕಂಬಸಾಲು ಸೇರುವ ಸ್ವರದ್ದು. ಹಾದಿ ಇದ್ದಲ್ಲಿ ೧, ಇಲ್ಲದಲ್ಲಿ ೦. ಬಿಲಹರಿಯ ಚೌಕಳಿಯಲ್ಲಿ ಹನ್ನೆರಡು ಮನೆಗಳಲ್ಲಿ ೧, ಉಳಿದ ೫೨ರಲ್ಲಿ ೦. ಇಂಥ ಚೌಕಳಿಗೆ ಮಾತೃಕೆಯೆಂದು ಹೆಸರು. ಮಾತೃಕೆಗಳನ್ನು ಕೂಡುವ, ಗುಣಿಸುವ ಶಾಸ್ತ್ರಕ್ಕೆ ರೇಖೀಯ ಬೀಜಗಣಿತವೆನ್ನುತ್ತಾರೆ.

ಗುಣಿಸುವುದರಿಂದ ಏನು ಪ್ರಯೋಜನವೆಂದು ಕೇಳಬಹುದು. ಮಾತೃಕೆಯನ್ನು ಅದರಿಂದಲೇ ಒಮ್ಮೆ ಗುಣಿಸಿದರೆ, ಎರಡು ಹೆಜ್ಜೆಗಳಲ್ಲಿ ಎಲ್ಲಿಂದ ಎಲ್ಲಿಗೆ ಎಷ್ಟು ಬಗೆಯಾಗಿ ಹೋಗಬಹುದೆಂಬುದು ತಾನಾಗಿ ಮೂಡುತ್ತದೆ. ಬಿಲಹರಿಯ ಮೊದಲ ಚೌಕಳಿಯಲ್ಲಿ ಗಾಂಧಾರದಿಂದ ಮಧ್ಯಮಕ್ಕೆ ಇರುವ ಅಂಕಿ ೦. ಗುಣಿಸಿ ಬಂದ ಚೌಕಳಿಯಲ್ಲಿ ೧. ಪಂಚಮವನ್ನು ಬಳಸಿ ಬರುವ ಹಾದಿಯೇ ಆ ಒಂದು. ಎರಡು ಸಲ ಗುಣಿಸಿದರೆ ಮೂರು ಹೆಜ್ಜೆ, ಒಂಬತ್ತು ಸಲ ಗುಣಿಸಿದರೆ ಹತ್ತು ಹೆಜ್ಜೆ. ಬೆರಳೆಣಿಕೆಗೆ ಸಿಕ್ಕದ ಸಂಚಾರಗಳೂ ಹೀಗೆ ಲೆಕ್ಕಕ್ಕೆ ಸಿಕ್ಕುತ್ತವೆ.

ಮೋಹನದ ಮಾತೃಕೆಯನ್ನು ಮೂಲೆಯಿಂದ ಮೂಲೆಗೆ ಕರ್ಣದ ಮೇಲೆ ಮಡಿಸಿದರೆ ಎರಡು ಮಗ್ಗುಲುಗಳೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಬಿಲಹರಿಯದು ಕೂರುವುದಿಲ್ಲ. ಹಾಗಾದರೆ ಬಿಲಹರಿಯ ಅಡ್ಡಸಾಲುಗಳನ್ನು ಕಂಬಸಾಲುಗಳನ್ನಾಗಿ ಮಾಡಿದರೆ, ಎಂದರೆ ಎಲ್ಲ ಬಾಣಗಳನ್ನೂ ಹಿಂದುಮುಂದು ತಿರುಗಿಸಿದರೆ ಏನಾದೀತು? ಆಗ ಹತ್ತುವ ಹಾದಿ ಸ ರಿ ಗ ಮ ಪ ದ ನಿ ಸ, ಇಳಿಯುವ ಹಾದಿ ಸ ದ ಪ ಗ ರಿ ಸ. ಬಲ್ಲವರು ಇದನ್ನು ಕಂಡೊಡನೆ ಮುಗುಳ್ನಗುತ್ತಾರೆ. ಇದು ಗರುಡಧ್ವನಿ ರಾಗ! ತ್ಯಾಗರಾಜರು ಕೃತಿಗಳನ್ನು ರಚಿಸಿರುವ, ಕಚೇರಿಗಳಲ್ಲಿ ಕೇಳಿಬರುವ, ತನ್ನದೇ ಆದ ಮುಖವುಳ್ಳ ರಾಗ.

ಎರಡೂ ರಾಗಗಳು ೨೯ನೆಯ ಮೇಳವಾದ ಧೀರಶಂಕರಾಭರಣದಲ್ಲಿ ಹುಟ್ಟಿದವು. ಎರಡರ ಆರೋಹಣ, ಅವರೋಹಣಗಳಲ್ಲಿ ಇರುವ ಸ್ವರಗಳೂ ಅವೇ ಏಳು. ಬಾಣಗಳ ಸಂಖ್ಯೆಯೂ ಒಂದೇ. ಮಾತೃಕೆಯ ಸಾರವೆಂಬಂತೆ ಗಣಿತಜ್ಞರು ಅದರಿಂದ ಹಿಂಡಿ ತೆಗೆಯುವ 'ಐಗನ್ ಬೆಲೆ'ಗಳೆಂಬ ಸಂಖ್ಯೆಗಳಿವೆಯಲ್ಲ, ಅವು ಕೂಡ ಎರಡಕ್ಕೂ ಒಂದೇ. ಏಕೆಂದರೆ ಅಡ್ಡವನ್ನು ಉದ್ದ ಮಾಡಿದರೂ ಆ ಬೆಲೆಗಳು ಬದಲಾಗುವುದಿಲ್ಲ. ಆದರೆ ಕಿವಿಗೆ ಅವು ಬೇರೆ ಬೇರೆ. ಭೇದವಿರುವುದು ಬಾಣಗಳ ದಿಕ್ಕಿನಲ್ಲಿ ಮಾತ್ರ. ಸಾರಾಂಶದ ಅಂಕಿಗಳನ್ನಷ್ಟೇ ನೋಡುವ ಯಂತ್ರ ಮೋಸಹೋಗುತ್ತದೆ. ನಕ್ಷೆಯನ್ನು ನೋಡುವ ಕಣ್ಣು ಮೋಸಹೋಗುವುದಿಲ್ಲ.

ತೂಗಿ ನೋಡಿದಾಗ

ಹಾದಿ ಉಂಟೋ ಇಲ್ಲವೋ ಎಂಬುದಷ್ಟೇ ಸಾಲದು. ಯಾವ ಹಾದಿಯಲ್ಲಿ ಸಂಚಾರ ಹೆಚ್ಚು ಎಂಬುದೂ ಮುಖ್ಯ. ಹಿಂದುಸ್ತಾನಿಯ ಭೂಪಾಲಿ ಮತ್ತು ದೇಶಕಾರ ರಾಗಗಳೆರಡಕ್ಕೂ ಸ ರಿ ಗ ಪ ದ ಎಂಬ ಅವೇ ಐದು ಸ್ವರಗಳು. ಆದರೆ ಭೂಪಾಲಿಗೆ ಗಾಂಧಾರ ವಾದಿಸ್ವರ, ದೇಶಕಾರಕ್ಕೆ ಧೈವತ. ಒಂದು ಸಂಜೆಯ ರಾಗ, ಇನ್ನೊಂದು ಬೆಳಗಿನದು. ಇಲ್ಲಿ ೧, ೦ಗಳ ಬದಲು ಎಣಿಕೆ ಬೇಕಾಗುತ್ತದೆ.

ಉದಾಹರಣೆಗಾಗಿ ಪುಟ್ಟ ಸ್ವರಮಾಲೆಯೊಂದನ್ನು ಕಟ್ಟಿಕೊಳ್ಳೋಣ: ಸ ರಿ ಗ ಗ ರಿ ಸ ರಿ ಗ ಪ ಗ ರಿ ಸ. ಇದರಲ್ಲಿ ಹನ್ನೊಂದು ಹೆಜ್ಜೆಗಳಿವೆ. ಷಡ್ಜದಿಂದ ಹೊರಟ ಎರಡು ಸಲವೂ ರಿಷಭವನ್ನೇ ಸೇರಿದ್ದಾಯಿತು. ರಿಷಭದಿಂದ ನಾಲ್ಕು ಸಲ ಹೊರಟಿದೆ. ಎರಡು ಸಲ ಗಾಂಧಾರಕ್ಕೆ, ಎರಡು ಸಲ ಷಡ್ಜಕ್ಕೆ. ಗಾಂಧಾರದಿಂದಲೂ ನಾಲ್ಕು ಸಲ. ಎರಡು ಸಲ ರಿಷಭಕ್ಕೆ, ಒಮ್ಮೆ ಪಂಚಮಕ್ಕೆ, ಒಮ್ಮೆ ತನ್ನಲ್ಲಿಗೇ. ಪಂಚಮದಿಂದ ಒಂದೇ ಸಲ, ಗಾಂಧಾರಕ್ಕೆ.

ಈ ಅಂಕಿಗಳನ್ನು ಭಾಗಗಳನ್ನಾಗಿ ಮಾಡಿದರೆ ರಿಷಭದಲ್ಲಿ ನಿಂತವನು ಮೇಲೆ ಹೋಗುವ ಸಂಭವ ಅರ್ಧ, ಕೆಳಗಿಳಿಯುವ ಸಂಭವ ಅರ್ಧ ಎಂಬಂತೆ ಹೇಳಬಹುದು. ಇದೇ ನಿಯಮಗಳಂತೆ ಒಬ್ಬ ದಾರಿಹೋಕ ಈ ನಾಲ್ಕು ಊರುಗಳಲ್ಲಿ ಬಿಡದೆ ಅಲೆಯುತ್ತಾನೆಂದು ಭಾವಿಸಿ, ಮಾತೃಕೆಯನ್ನು ಮತ್ತೆ ಮತ್ತೆ ಗುಣಿಸುತ್ತ ಹೋದರೆ ಒಂದು ವಿಸ್ಮಯ ಕಾಣುತ್ತದೆ. ಅವನು ಎಲ್ಲಿಂದ ಹೊರಟಿದ್ದರೂ ಸರಿಯೇ, ಕೊನೆಗೆ ಅವನ ಕಾಲವು ಒಂದೇ ಪ್ರಮಾಣದಲ್ಲಿ ಹಂಚಿಹೋಗುತ್ತದೆ: ಹನ್ನೊಂದು ಪಾಲಿನಲ್ಲಿ ರಿಷಭಕ್ಕೆ ನಾಲ್ಕು, ಗಾಂಧಾರಕ್ಕೆ ನಾಲ್ಕು, ಷಡ್ಜಕ್ಕೆ ಎರಡು, ಪಂಚಮಕ್ಕೆ ಒಂದು. ಮುಂದೆ ಗುಣಿಸಿದರೂ ಕದಲದ ಈ ಪಟ್ಟಿಗೆ 'ಐಗನ್ ಸದಿಶ' ಎಂಬ ಹೆಸರುಂಟು. ಹೊರಟಲ್ಲಿಗೇ ಮರಳುವ ಇಂಥ ಚಿಕ್ಕ ಮಾಲೆಯಲ್ಲಿ ಅದು ಸ್ವರಗಳನ್ನು ನೇರವಾಗಿ ಎಣಿಸಿದ್ದಕ್ಕೆ ಸಮನಾಗಿಯೇ ಬರುತ್ತದೆ. ಅನೇಕ ಹಾಡುಗಳನ್ನು ಒಟ್ಟುಗೂಡಿಸಿ ಒಂದು ರಾಗದ ಮಾತೃಕೆಯನ್ನು ಮಾಡಿದಾಗ, ಆ ರಾಗದ ಸಂಚಾರ ಯಾವ ಸ್ವರದ ಕಡೆಗೆ ವಾಲುತ್ತದೆಂಬುದು ಈ ಪಟ್ಟಿಯಲ್ಲಿ ಎದ್ದು ತೋರುತ್ತದೆ. ಭೂಪಾಲಿಯನ್ನೂ ದೇಶಕಾರವನ್ನೂ ಹೀಗೆ ತೂಗಿ ಬೇರ್ಪಡಿಸಬಹುದು.

ಈ ಬಗೆಯ ನಡಿಗೆಯನ್ನು ಮೊದಲು ವಿವೇಚಿಸಿದವನು ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೊವ್. ೧೯೧೩ರಲ್ಲಿ ಅವನು ಪುಷ್ಕಿನ್ ಕವಿಯ 'ಯೆವ್ಗೆನಿ ಒನೇಗಿನ್' ಕಾವ್ಯದ ೨೦,೦೦೦ ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ಮುಂದೆ ಸ್ವರಾಕ್ಷರ ಎಷ್ಟು ಸಲ, ವ್ಯಂಜನದ ಮುಂದೆ ಎಷ್ಟು ಸಲ ಬರುತ್ತದೆಂದು ಎಣಿಸಿದ. ಸ್ವರದ ಬೆನ್ನಿಗೆ ಸ್ವರ ಬರುವುದು ನೂರಕ್ಕೆ ೧೩ರಷ್ಟು, ವ್ಯಂಜನದ ಬೆನ್ನಿಗೆ ಬರುವುದು ೬೬ರಷ್ಟು ಎಂದು ತಿಳಿಯಿತು. ಮುಂದಿನದು ಹಿಂದಿನದನ್ನು ಅವಲಂಬಿಸಿದೆಯೆಂಬ ಈ ತತ್ತ್ವವನ್ನು ಕವಿತೆಯಿಂದ ಸಂಗೀತಕ್ಕೆ ಕೊಂಡೊಯ್ಯಲು ಬಹುಕಾಲ ಬೇಕಾಗಲಿಲ್ಲ.

ಮೂವತ್ತೇಳು ಮಟ್ಟುಗಳು

೧೯೫೭ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಬ್ರೂಕ್ಸ್ ಮತ್ತು ಅವರ ಮೂವರು ಸಂಗಡಿಗರು ಒಂದು ಪ್ರಯೋಗದ ವಿವರವನ್ನು ಪ್ರಕಟಿಸಿದರು. ಕ್ರೈಸ್ತ ಸ್ತೋತ್ರಗೀತೆಗಳ ೩೭ ಮಟ್ಟುಗಳನ್ನು ಅವರು ಕಂಪ್ಯೂಟರಿಗೆ ಉಣಿಸಿದರು. ಯಾವ ಸ್ವರದ ಮುಂದೆ ಯಾವುದು ಬರುತ್ತದೆಂಬುದನ್ನು ಎಣಿಸಿಕೊಂಡು ಅದೇ ಪ್ರಮಾಣದಲ್ಲಿ ಹೊಸ ಮಟ್ಟುಗಳನ್ನು ಕಟ್ಟುವುದು ಯಂತ್ರದ ಕೆಲಸ. ಯಂತ್ರದ ನೆನಪಿನ ಅಳತೆಯನ್ನು ಅವರು ಬದಲಿಸುತ್ತ ಹೋದರು. ಒಮ್ಮೆ ಹಿಂದಿನ ಒಂದೇ ಹೆಜ್ಜೆ ನೆನಪಿರುವಂತೆ, ಇನ್ನೊಮ್ಮೆ ಹೆಚ್ಚು ಹೆಜ್ಜೆಗಳು ನೆನಪಿರುವಂತೆ ಏರ್ಪಡಿಸಿದರು.

ಫಲಿತಾಂಶ ಬಹು ಬೋಧಪ್ರದವಾಗಿತ್ತು. ನೆನಪು ತೀರ ಕಡಮೆಯಾದಾಗ ಮಟ್ಟು ಗೊತ್ತುಗುರಿಯಿಲ್ಲದೆ ಅಲೆಯಿತು. ಹೆಜ್ಜೆ ಹೆಜ್ಜೆಯೂ ಸರಿ, ಒಟ್ಟು ಪಯಣ ಮಾತ್ರ ಅರ್ಥಹೀನ. ನೆನಪು ತೀರ ಹೆಚ್ಚಾದಾಗ ಯಂತ್ರ ತಾನು ಉಂಡ ೩೭ ಮಟ್ಟುಗಳನ್ನೇ ತಿರುಗಿ ಒಪ್ಪಿಸತೊಡಗಿತು. ಹೊಸದೂ ಆಗಿ, ಹಾಡೂ ಆಗಿ ಕೇಳಿಸುವಂಥದು ಎರಡರ ನಡುವೆ ಮಾತ್ರ ಹುಟ್ಟಿತು.

ಸಂಗೀತಾಭ್ಯಾಸಿಗಳಿಗೆ ಇದು ಪರಿಚಿತ ಸಂಗತಿ. ಆರೋಹಣ, ಅವರೋಹಣವನ್ನಷ್ಟೇ ಬಲ್ಲ ಶಿಷ್ಯ ಆಲಾಪನೆಗೆ ಕುಳಿತರೆ ತಪ್ಪು ಸ್ವರ ಹಿಡಿಯದಿದ್ದರೂ ರಾಗ ಮೂಡುವುದಿಲ್ಲ. ಗುರುವಿನ ಆಲಾಪನೆಯನ್ನು ಅಕ್ಷರಶಃ ಕಂಠಪಾಠ ಮಾಡಿದ ಶಿಷ್ಯನದು ಗಿಳಿಪಾಠವಾಗುತ್ತದೆ. ಮನೋಧರ್ಮವೆಂದು ನಾವು ಗೌರವಿಸುವುದು ಮರೆವಿಗೂ ನಕಲಿಗೂ ನಡುವಣ ಕಿರಿದಾದ ಜಾಗದಲ್ಲಿ ನೆಲೆಸಿದೆ. ಯಂತ್ರ ಆ ಜಾಗದ ಎರಡು ಅಂಚುಗಳನ್ನು ತೋರಿಸಿಕೊಟ್ಟಿತು. ನಡುವಿನ ಜಾಗದಲ್ಲಿ ಬದುಕುವುದು ಹೇಗೆಂಬುದನ್ನು ಕಲಾವಿದನೇ ಸಾಧಿಸಿಕೊಳ್ಳಬೇಕು.

ಭಾರತೀಯ ರಾಗಗಳ ಮೇಲೂ ಇಂಥ ಪ್ರಯೋಗಗಳಾಗಿವೆ. ೨೦೦೩ರಲ್ಲಿ ಕಾನ್ಪುರದ ಐ.ಐ.ಟಿ.ಯಿಂದ ಪ್ರಕಟವಾದ 'ತಾನ್‌ಸೇನ್' ಎಂಬ ಕಂಪ್ಯೂಟರ್ ವ್ಯವಸ್ಥೆ ಯಮನ್ ಕಲ್ಯಾಣ್ ಮತ್ತು ಭೂಪಾಲಿ ರಾಗಗಳನ್ನು ಮಾರ್ಕೊವ್‌ನ ಮಾರ್ಗದಲ್ಲಿ ಗುರುತಿಸಲೆತ್ನಿಸಿತು. ರಾಗದ ಜೀವದಂತಿರುವ 'ಪಕಡ್' ಎಂಬ ಸ್ವರಗುಚ್ಛವನ್ನು ಹುಡುಕುವ ಕ್ರಮವನ್ನೂ ಅದಕ್ಕೆ ಸೇರಿಸಿದಾಗ ಗುರುತು ಹೆಚ್ಚು ಸರಿಯಾಯಿತು. ಒಂದೊಂದೇ ಹೆಜ್ಜೆಗಿಂತ ಹೆಜ್ಜೆಗಳ ಗುಂಪಿನಲ್ಲಿ ರಾಗದ ಮುಖ ಹೆಚ್ಚು ಸ್ಪಷ್ಟವೆಂದು ಇದರಿಂದಲೂ ಸಿದ್ಧವಾಯಿತು.

ನಕ್ಷೆಗೆ ಸಿಕ್ಕದ್ದು

ಇಷ್ಟಾದರೂ ಈ ನಕ್ಷೆಗೆ ಒಂದು ಮಿತಿಯುಂಟು. ಸ್ವರವನ್ನು ನಾವು ಬಿಂದುವೆಂದು ಕರೆದೆವು. ಪಿಯಾನೋದ ಮಟ್ಟಿಗೆ ಆ ಮಾತು ಒಪ್ಪುತ್ತದೆ. ವೀಣೆಯ ಮಟ್ಟಿಗೆ ಒಪ್ಪುವುದಿಲ್ಲ. ತೋಡಿಯ ಗಾಂಧಾರವನ್ನು ಕೇಳಿದವರು ಬಲ್ಲರು. ಅದು ಒಂದು ಜಾಗದಲ್ಲಿ ನಿಲ್ಲದೆ ತೂಗಾಡುವ ಸ್ವರ. ಆ ಗಮಕವನ್ನು ತೆಗೆದುಬಿಟ್ಟರೆ ಉಳಿಯುವುದು ತೋಡಿಯ ಅಸ್ಥಿಪಂಜರ. ಊರುಗಳೇ ಅಲುಗಾಡುವ ದೇಶಕ್ಕೆ ಭೂಪಟ ಬರೆಯುವುದು ಸುಲಭವಲ್ಲ. ಈಚಿನ ಸಂಶೋಧಕರು ಧ್ವನಿಯ ಏರಿಳಿತವನ್ನೇ ಕ್ಷಣಕ್ಷಣಕ್ಕೂ ಅಳೆದು ಗಮಕವನ್ನೂ ಲೆಕ್ಕಕ್ಕೆ ತರಲು ಯತ್ನಿಸುತ್ತಿದ್ದಾರೆ.

ಆದರೂ ಭೂಪಟ ವ್ಯರ್ಥವೆಂದು ಯಾರೂ ಹೇಳಲಾರರು. ಅದು ದಾರಿ ತಪ್ಪದಂತೆ ಕಾಯುತ್ತದೆ, ಎರಡು ರಾಗಗಳು ಎಲ್ಲಿ ಕೂಡಿ ಎಲ್ಲಿ ಅಗಲುತ್ತವೆಂಬುದನ್ನು ತೋರಿಸುತ್ತದೆ, "ಏಕೆ ಕೂಡದು?" ಎಂದು ಕೇಳುವ ಮಗುವಿಗೆ ಗದರಿಕೆಯ ಬದಲು ಒಂದು ಚಿತ್ರವನ್ನು ಕೊಡುತ್ತದೆ. ದಾರಿಯ ನೆರಳು, ತಂಪು, ಇಕ್ಕೆಲದ ಹೂವು ಇವನ್ನು ಅರಿಯಬೇಕಾದರೆ ಮಾತ್ರ ನಡೆದೇ ತೀರಬೇಕು, ನಡೆದು ಬಲ್ಲವರ ಬೆರಳು ಹಿಡಿಯಬೇಕು.

ನಡುಮನೆಯ ಹುಡುಗಿ ಕಾಗದದ ಮೇಲೆ ಎಂಟು ಬಿಂದುಗಳನ್ನಿಟ್ಟು ಹನ್ನೆರಡು ಬಾಣಗಳನ್ನೆಳೆದು ಅಜ್ಜಿಗೆ ತೋರಿಸಿದರೆ, ಆಕೆಗೆ ಮಾತೃಕೆಯ ಹೆಸರು ಗೊತ್ತಿರಲಾರದು. ಆದರೆ ಮಧ್ಯಮದ ಬಳಿಯ ಒಂಟಿ ಬಾಣದ ಮೇಲೆ ಬೆರಳಿಟ್ಟು, "ಇದನ್ನೇ ಅಲ್ಲವೇ ನಾನು ಹೇಳಿದ್ದು?" ಎಂದು ಕೇಳದಿರಲಾರಳು. ಬಳಿಕ ಚಿತ್ರವನ್ನು ಬದಿಗಿಟ್ಟು, ಶ್ರುತಿಗೆ ಸೇರಿಸಿ, ಆ ಒಂದು ಹೆಜ್ಜೆಯನ್ನು ಹೇಗೆ ಇಡಬೇಕೆಂದು ಹಾಡಿ ತೋರಿಸುತ್ತಾಳೆ.